ಹಲಗೆ ಗೋಡೆಯಾಚೆಯವರ ನಿದ್ದೆ

ನಮ್ಮ ಪಕ್ಕದ ರೂಮಿನವರು ಹಗಲು ಮಲಗುವವರು. ಅವರು ರಾತ್ರಿ ಬಸ್ಸಿನ ಡ್ರೈವರು. ಒಂದು ಸಂಜೆ ಶಿರಸಿಯಿಂದ ಹೊರಟರೆ ಬೆಳಗಾಗುವಾಗ ಬೆಂಗಳೂರು, ಮರುದಿನ ಸಂಜೆ ಅಲ್ಲಿಂದ ಹೊರಟರೆ ಬೆಳಗಾಗುವಾಗ ಮತ್ತೆ ಶಿರಸಿ. ನಾನು ಪಂಪ್‌ಸೆಟ್ ಅಂಗಡಿಯ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ಬಂದು ಬೀಗ ತೆಗೆಯುತ್ತಾರೆ. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಹೆಚ್ಚಿನ ದಿನ ಅವರು ಸ್ನಾನ ಮಾಡಿ ಹೊರಟಿರುತ್ತಾರೆ. ಒಂದೇ ಹೆಂಚಿನ ಕೆಳಗೆ ಇದ್ದರೂ ನಾವು ಒಬ್ಬರ ಮುಖ ಒಬ್ಬರು ನೋಡುವುದು ಬಾಗಿಲಲ್ಲಿ, ಒಬ್ಬರು ಚಪ್ಪಲಿ ಬಿಡುವಾಗ, ಇನ್ನೊಬ್ಬರು ಹಾಕಿಕೊಳ್ಳುವಾಗ.

ಮನೆಯ ಯಜಮಾನಿ ವಯಸ್ಸಾದ ಅಮ್ಮ. ಮುಂದಿನ ಭಾಗದಲ್ಲಿ ತಾವಿದ್ದು, ಹಿಂದಿನ ಉದ್ದನೆಯ ಕೋಣೆಯ ನಡುವೆ ಹಲಗೆ ಹೊಡೆಸಿ ಎರಡು ರೂಮು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಆ ಹಲಗೆ ಹೆಂಚಿನವರೆಗೆ ಮುಟ್ಟುವುದಿಲ್ಲ. ಮೇಲೆ ಒಂದು ಮೊಳದಷ್ಟು ಖಾಲಿ ಇದೆ. ಆಚೆಯವರು ಕೆಮ್ಮಿದರೆ ಈಚೆಯವರಿಗೆ ಗೊತ್ತಾಗುತ್ತದೆ. ಡ್ರೈವರು ಬರುವ ಮೊದಲು ಆ ರೂಮಿನಲ್ಲಿ ಅಮ್ಮನ ಮುರಿದ ಕುರ್ಚಿಗಳೂ ಹಳೆಯ ಹಂಡೆಗಳೂ ಇದ್ದವು. ಆಗೆಲ್ಲ ನಾನು ಕೆಮ್ಮಿದರೆ ನನ್ನ ಕೆಮ್ಮೇ ಹಂಡೆಗೆ ಬಡಿದು ವಾಪಸು ಬರುತ್ತಿತ್ತು. ಅವರು ಬಂದ ದಿನ ಆಚೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ನಾನು ಊಟದ ತಟ್ಟೆ ಮುಂದಿಟ್ಟುಕೊಂಡು ಬಕೆಟ್ಟು ತುಂಬುವವರೆಗೂ ಕೇಳುತ್ತ ಕೂತಿದ್ದೆ.

ನನ್ನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಯಲ್ಲಾಪುರದ ಆಚೆ ಇಡಗುಂದಿ ಕಡೆಯವನು. ಅಪ್ಪ ಕಾಡಿನ ಕೂಲಿ ಮಾಡುತ್ತಿದ್ದ. ನನ್ನ ಹೆತ್ತಮ್ಮ ಬೇಗ ತೀರಿಹೋಗಿದ್ದರಿಂದ ಅಪ್ಪ ಎಲ್ಲಿ ಬಿಡಾರ ಹೂಡಿದರೆ ನಾನೂ ಅಲ್ಲಿ. ಶಾಲೆಯ ವಯಸ್ಸು ಹಾಗೇ ಕಳೆಯಿತು. ಮೀಸೆ ಬಂದ ಮೇಲೆ ಯಲ್ಲಾಪುರದಲ್ಲಿ ಸಂಜೆಯ ತರಗತಿಗೆ ಸೇರಿ ಅಕ್ಷರ ಕಲಿತೆ. ನನ್ನ ಓರಗೆಯವರ ಮಕ್ಕಳ ಜೊತೆ ಕೂತು ಎಸ್ಸೆಸ್ಸೆಲ್ಸಿ ಬರೆದು ಪಾಸಾದೆ. ಮದುವೆ ಆಗಲಿಲ್ಲ, ಆಗುವ ಹಾಗೆ ಯಾರೂ ಮುಂದೆ ನಿಂತು ಮಾಡಲೂ ಇಲ್ಲ. ಈಗ ಶಿರಸಿಯಲ್ಲಿ ಪಂಪು ಕೂರಿಸುವ ಕೆಲಸ. ಹುಲಗೋಳ, ಹೆಗಡೆಕಟ್ಟಾ, ಸಿದ್ದಾಪುರ, ಎಲ್ಲಿ ಹೇಳಿದರೆ ಅಲ್ಲಿಗೆ ಹೋಗುತ್ತೇನೆ.

ಅಂಗಡಿಯವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನನಗೆ ಕೊಟ್ಟರು. ಅದರಲ್ಲಿ ನಾನು ಬರೆಯುತ್ತೇನೆ. ಕೈಬರಹ ನನಗೇ ಓದಲು ಬರುವುದಿಲ್ಲ, ಅದಕ್ಕೆ ಟೈಪು. ಎರಡೂ ಕೈಯ ಒಂದೊಂದು ಬೆರಳಿನಲ್ಲಿ ಒತ್ತುವುದು, ಒತ್ತಕ್ಷರ ಬಂದರೆ ನಿಂತು ಯೋಚಿಸುವುದು. ಬರೆದದ್ದನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿದೆ. ಒಂದು ಹೆಂಗಸಿನ ದನಿ. ತಡವಾಗಿ ಓದು ಕಲಿತವನಿಗೆ ತಪ್ಪು ಕಣ್ಣಿಗೆ ಸಿಕ್ಕುವುದಕ್ಕಿಂತ ಬೇಗ ಕಿವಿಗೆ ಸಿಗುತ್ತದೆ. ಹಾಗಾಗಿ ನಾನು ಒಂದು ಪುಟ ಬರೆದರೆ ಆಕೆ ಹತ್ತಾರು ಸಲ ಓದಬೇಕು. ಬೆಳಿಗ್ಗೆಯೂ ಸ್ವಲ್ಪ ಓದಿಸಿ, ಹೊತ್ತಾಯಿತು ಎಂದು ನಡುವೆಯೇ ಕಂಪ್ಯೂಟರನ್ನು ಸ್ಲೀಪಿಗೆ ಹಾಕಿ ಹೊರಡುತ್ತಿದ್ದೆ.

ಹೊರಡುವ ಮೊದಲು ಇನ್ನೊಂದು ಕೆಲಸ ಇತ್ತು. ನಮ್ಮ ಕಡೆ ಪಂಪು ಕೂರಿಸಿದರೆ ಸುಮ್ಮನೆ ಸ್ವಿಚ್ ಹಾಕುವುದಿಲ್ಲ. ಮನೆಯವರು ಅದಕ್ಕೆ ಕುಂಕುಮ ಹಚ್ಚಿ, ಒಂದು ದಾಸವಾಳ ಇಟ್ಟು, ಎಲೆಯ ಮೇಲೆ ಬೆಲ್ಲ ತೋರಿಸಿದ ಮೇಲೇ ನೀರು ಎತ್ತುವುದು. ಇಷ್ಟು ವರ್ಷ ಅದನ್ನೇ ನೋಡಿದವನಿಗೆ ನನ್ನ ಯಂತ್ರವನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಳದ ದಾಸವಾಳ ಒಂದು, ವೀಳ್ಯದೆಲೆಯ ಮೇಲೆ ಜೇನಿನ ಹಾಗೆ ಹರಿಯುವ ಜೋನಿ ಬೆಲ್ಲ ಒಂದು ಹನಿ. ಕೀಬೋರ್ಡಿನ ಬಲಕ್ಕೆ, ಮೌಸಿನ ಪಕ್ಕದಲ್ಲಿ ಇಟ್ಟು, ಕೈಮುಗಿದು, ಬೀಗ ಹಾಕಿಕೊಂಡು ಹೋಗುತ್ತಿದ್ದೆ.

ಬೇಸಿಗೆ ಶುರುವಾದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಡ್ರೈವರು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಅವರು ಬನವಾಸಿ ಕಡೆಯವರು.

“ಅಣ್ಣಾರ, ಒಂದು ಮಾತು ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ.”

“ಕೇಳಿ ಮಾರಾಯ್ರೆ.”

“ನೀವು ಕೆಲಸಕ್ಕ ಹೋದ ಮ್ಯಾಲ ನಿಮ್ಮ ರೂಮಿನ್ಯಾಗ ಯಾರಿರ್ತಾರ್ರಿ?”

“ಯಾರೂ ಇಲ್ಲ. ನಾ ಒಬ್ನೇ ಅಲ್ರಾ ಇರೂದು.”

“ಮತ್ತ ಒಬ್ಬಾಕಿ ಹೆಣ್ಮಗಳು ಓದಾಕತ್ತಿದ್ಲಲ್ರಿ. ಭಾಳ ಚಂದ ಓದ್ತಾಳ. ಆದ್ರ ಉಸುರ ತಗೊಳ್ಳಂಗಿಲ್ಲ ಆಕಿ.”

ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅಮ್ಮ ಬೆನ್ನು ನೆಟ್ಟಗೆ ಮಾಡಿದರು. “ಯಂಗೂ ಆ ದನಿ ಕೇಳ್ಚು. ಪಾಪ, ನಮ್ಮ ತಮಂಗೆ ಈಗಾದ್ರೂ ಒಂದು ಜೊತೆ ಸಿಕ್ಚು ಹೇಳಿ ಆನು ಖುಷಿ ಪಟ್ಟಿದ್ದಿ.”

“ಅಮ್ಮಾ, ಅದು ಕಂಪ್ಯೂಟರು.”

“ಕಂಪ್ಯೂಟರ್ ಆದ್ರೂ ಅಡ್ಡಿಲ್ಲೆ. ಅನ್ನ ಬೇಯ್ಸಲೆ ಬತ್ತಾ ಕೇಳು.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಅಂಗಡಿಯ ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಮಲಗಿಸಿ ಹೋದ ಯಂತ್ರ ನಾನಿಲ್ಲದಾಗ ತಾನೇ ಎದ್ದು, ಬಿಟ್ಟಲ್ಲಿಂದ ಓದಲು ಶುರು ಮಾಡುತ್ತದೆ. ಮುಚ್ಚಿದ ರೂಮಿನಲ್ಲಿ, ಯಾರಿಗೂ ತೋರಿಸದ ನನ್ನ ಮಾತುಗಳನ್ನು. ಅಂದು ಸಂಜೆ ಸ್ಪೀಕರಿನ ವಯರು ಕಿತ್ತಿಟ್ಟೆ.

ಅದರಿಂದ ಓದುವುದು ನಿಂತಿತು, ಏಳುವುದು ನಿಲ್ಲಲಿಲ್ಲ. ಎದ್ದ ಮೇಲೆ ಅದರ ಹಳೆಯ ಫ್ಯಾನು ಒದರುತ್ತದೆ. ನನ್ನ ಮೇಜು ಹಲಗೆಗೆ ಒತ್ತಿಕೊಂಡೇ ಇದೆ, ಯಾಕೆಂದರೆ ರೂಮಿಗೆ ಇರುವ ಒಂದೇ ಪ್ಲಗ್ ಆ ಮೂಲೆಯಲ್ಲಿದೆ. ಅವರ ಮಂಚವೂ ಆಚೆಯಿಂದ ಅದೇ ಹಲಗೆಗೆ ಒತ್ತಿಕೊಂಡಿದೆ.

“ಈಗ ಆಕಿ ಮಾತಾಡಂಗಿಲ್ರಿ, ಗಿರಣಿ ಹಾಕ್ಯಾಳ,” ಎಂದರು ಡ್ರೈವರು. “ತಲಿದಿಂಬಿನ ಕೆಳಗೇ ಹಿಟ್ಟು ಬೀಸಿದಂಗ ಆಕ್ಕೇತಿ. ಪೂರ್ತಿ ಬಂದ್ ಮಾಡಿ ಹೋಗ್ರಲಾ.”

ನ್ಯಾಯವಾದ ಮಾತು. ಪೂರ್ತಿ ಬಂದ್ ಮಾಡಿ ಹೋದೆ. ಸಂಜೆ ಬಂದು ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಎಷ್ಟು ಸಲ ಒತ್ತಿದರೂ ಏಳಲಿಲ್ಲ. ಮರುದಿನ ಹೆಗಲ ಮೇಲೆ ಹೊತ್ತು ರಿಪೇರಿಯವರ ಹತ್ತಿರ ಹೋದೆ. ಅವರು ಹೇಗೋ ಎಬ್ಬಿಸಿದರು. ಬರೆದದ್ದನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿಕೊಟ್ಟರು. “ಡಿಸ್ಕ್ ಹಳೇದಾಯ್ತು. ಆಫ್ ಮಾಡಿದ್ರೆ ಒಂದೊಂದ್ಸಲ ಏಳ್ತದೆ, ಒಂದೊಂದ್ಸಲ ಇಲ್ಲ. ಬೇರೆ ಡಿಸ್ಕ್ ಹುಬ್ಬಳ್ಳಿಯಿಂದ ಬರೋ ತನಕ ಸ್ಲೀಪಲ್ಲೇ ಇಡಿ,” ಎಂದರು.

ಕಂಪ್ಯೂಟರ್ ಇಲ್ಲದ ಆ ಒಂದು ಸಂಜೆ ನಾನು ಏನು ಮಾಡಿದೆ ಎಂದು ಈಗಲೂ ನೆನಪಿದೆ. ಅನ್ನ ಇಟ್ಟೆ, ಉಂಡೆ, ಪಾತ್ರೆ ತೊಳೆದೆ. ಒಣಗಿದ ಬಟ್ಟೆ ಮಡಚಿದೆ. ಮಡಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚಿದೆ. ಅಷ್ಟಾದರೂ ಹೊರಗೆ ಇನ್ನೂ ಬೆಳಕಿತ್ತು. ಹಾಗಾಗಿ ಸ್ಲೀಪಲ್ಲೇ ಇಡಿ ಎಂದದ್ದು ನನಗೆ ಸರಿಯೇ ಅನಿಸಿತು. ಆದರೆ ಮಲಗಿಸಿದ್ದು ಮಲಗಿಯೇ ಇರಬೇಕಲ್ಲ.

ರಿಪೇರಿಯವರಿಗೆ ಫೋನ್ ಮಾಡಿದೆ. ಕಂಪ್ಯೂಟರಿನೊಳಗೆ ಅಲಾರಂ ಇದ್ದ ಹಾಗೆ ಟೈಮರುಗಳಿರುತ್ತವೆ, ಹೊತ್ತಿಗೆ ಸರಿಯಾಗಿ ಎದ್ದು ಅಪ್‌ಡೇಟ್ ಹುಡುಕುತ್ತದೆ, ಅದನ್ನು ತೆಗೆಯಿರಿ ಎಂದು ಹೇಳಿಕೊಟ್ಟರು. ಅವರು ಹೇಳಿದ ಕಡೆ ಹುಡುಕಿ, ಪವರ್ ಸೆಟ್ಟಿಂಗಿನೊಳಗೆ ಸ್ಲೀಪ್ ಅಂತ ಇದ್ದಲ್ಲಿ ಟೈಮರ್ ಬೇಡ ಎಂದು ಒತ್ತಿದೆ. ಮರುದಿನ ಸಿದ್ದಾಪುರದ ಕಡೆ ಒಂದು ಬಾವಿಗೆ ಪಂಪು ಕೂರಿಸಲು ಹೋದೆ. ಬಾವಿಗೆ ಪೈಪು ಇಳಿಸುವಾಗಲೂ, ಈಗ ಅವರು ಮಲಗಿರುತ್ತಾರೆ ಎಂದುಕೊಳ್ಳುತ್ತಿದ್ದೆ.

ವಾಪಸು ಬಂದಾಗ ಡ್ರೈವರು ಹೊರಟಿರಲಿಲ್ಲ. ಖಾಕಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ಕೆಂಡದ ಹಾಗೆ.

“ಇವತ್ತೂ ಎದ್ದಿತ್ತಾ?” ಎಂದೆ.

“ಎರಡು ಸರ್ತಿ. ಒಮ್ಮೆ ಕಣ್ಣು ಹತ್ತಿತ್ತು, ಆವಾಗ ಒಂದು ಸರ್ತಿ. ಮತ್ತ ಹತ್ತಿತ್ತು, ಮತ್ತೊಂದು ಸರ್ತಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅಣ್ಣಾರ, ನಿಮಗ ಹೇಳಬಾರದು ಅಂತಿದ್ದೆ. ಮೊನ್ನಿ ಹಾವೇರಿ ದಾಟಿದ ಮ್ಯಾಲ ಸ್ಟೇರಿಂಗ್ ಮ್ಯಾಲ ಕಣ್ಣು ಮುಚ್ಚಿತ್ರಿ. ಎಷ್ಟೊತ್ತು ಮುಚ್ಚಿತ್ತೋ ನನಗ ಗೊತ್ತಿಲ್ಲ. ಕಂಡಕ್ಟರ್ ಚೀರಿದ. ಗಾಡಿ ರಸ್ತೆ ಅಂಚಿಗೆ ಬಂದಿತ್ತು. ಹಿಂದ ಎಲ್ಲಾರೂ ಮಲಗಿದ್ರು, ಯಾರಿಗೂ ಗೊತ್ತಾಗ್ಲಿಲ್ಲ. ಮುಂದಿನ ಸೀಟಿನ್ಯಾಗ ಒಂದು ಸಣ್ಣ ಕೂಸಿತ್ರಿ.”

ನಾನು ಸ್ಪ್ಯಾನರಿನ ಚೀಲ ಕೆಳಗಿಟ್ಟು ಅವರ ಪಕ್ಕ ಕೂತೆ.

“ಈ ತಿಂಗಳ ಕಡೀಕ ನಾ ರೂಮ್ ಬಿಡ್ತೀನಿ. ಡಿಪೋ ಹತ್ರ ಒಂದು ನೋಡಿ ಬಂದೀನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ ಮತ್ತ. ನಿಮ್ಮಂಥ ಮಂದಿ ಪಕ್ಕದಾಗ ಸಿಗೂದಿಲ್ಲ. ಆದ್ರ ನಂದು ನಿದ್ದಿ ಮ್ಯಾಲ ನಡೆಯೋ ಕೆಲಸ.”

ಅವರು ಬ್ಯಾಗು ಎತ್ತಿಕೊಂಡು ಹೋದರು. ಅಂದು ನಾನು ಅಕ್ಷರ ಒತ್ತಲಿಲ್ಲ. ಅಮ್ಮ ಅಂಗಳದಿಂದ ಹಂಡೆಗಳನ್ನು ಮತ್ತೆ ಆ ರೂಮಿಗೆ ತಳ್ಳುವುದು ಕಣ್ಣ ಮುಂದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸೀಟಿನ ಆ ಕೂಸು.

ಮರುದಿನ ಸಂಜೆ ಬಂದಾಗ ಯಂತ್ರ ತಾನಾಗೇ ಎದ್ದು ಕೂತಿತ್ತು. ರಿಪೇರಿಯವರಿಗೆ ಮತ್ತೆ ಫೋನ್. ಅವರು ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆಸಿ, ಕೊನೆಯ ಸಲ ಇದನ್ನು ಯಾರು ಎಬ್ಬಿಸಿದರು ಎಂದು ಕಂಪ್ಯೂಟರನ್ನೇ ಕೇಳುವ ಒಂದು ಸಾಲು ಹೇಳಿದರು. ಇಂಗ್ಲಿಷಿನ ಒಂದೊಂದೇ ಅಕ್ಷರ ಅವರು ಹೇಳುವುದು, ನಾನು ಹುಡುಕಿ ಒತ್ತುವುದು. ಪರೀಕ್ಷೆಯಲ್ಲಿ ಕೂತ ಹಾಗಿತ್ತು. ಬಂದ ಉತ್ತರವನ್ನು ನಾನು ಕೂಡಿಸಿ ಕೂಡಿಸಿ ಓದಿದೆ.

“ಮೌಸ್ ಎಬ್ಬಿಸ್ತಿದೆ. ಯಾರೋ ಮೌಸ್ ಮುಟ್ತಿದ್ದಾರೆ,” ಎಂದರು.

“ಬೀಗ ಹಾಕಿರ್ತದಲ್ರಾ. ಕಿಟಕಿನೂ ಹಾಕಿರ್ತದೆ.”

“ಹಂಗಾದ್ರೆ ಎಂತದೋ ಆ ದೇವ್ರಿಗೇ ಗೊತ್ತು. ಮೌಸಿಗೆ ಎಬ್ಬಿಸೋ ಅಧಿಕಾರ ಇರಬಾರದು ಅಂತ ಮಾಡ್ಬಹುದು. ಈಗ ಅಂಗಡೀಲಿ ಜನ ಇದ್ದಾರೆ. ಭಾನುವಾರ ಫೋನ್ ಮಾಡಿ, ಹೇಳ್ತೇನೆ.”

ಭಾನುವಾರ ಬೆಳಿಗ್ಗೆ ಡ್ರೈವರು ಬಸ್ಸಿಳಿದು ಬರುವಾಗ ನಾನು ಬಾಗಿಲಲ್ಲೇ ಕಾದು ನಿಂತಿದ್ದೆ. ಮೌಸಿನ ವಿಷಯ ಹೇಳಿದೆ. ಮಲಗಲು ಹೋಗಬೇಕಿದ್ದವರು ಬ್ಯಾಗು ಕೆಳಗಿಟ್ಟರು.

“ಬೀಗ ಹಾಕಿದ ರೂಮಿನ್ಯಾಗ ಯಾರ ಮುಟ್ತಾರ್ರಿ? ನಡ್ರಿ, ನೋಡೇ ಬಿಡೂಣು.”

ಬೆಳಗಿನ ಹೂವು, ಬೆಲ್ಲ ಎಲ್ಲ ಇಟ್ಟು ಆಗಿತ್ತು. ಕಂಪ್ಯೂಟರನ್ನು ಸ್ಲೀಪಿಗೆ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ನಾವಿಬ್ಬರೂ ನನ್ನ ಮಂಚದ ಮೇಲೆ ಕೂತೆವು. ನಾನು ಈ ರೂಮಿಗೆ ಬಂದ ಮೇಲೆ ಆ ಮಂಚದ ಮೇಲೆ ಇನ್ನೊಬ್ಬರು ಕೂತದ್ದು ಅದೇ ಮೊದಲು. ಮಂಚ ಕಿರುಗುಟ್ಟುವ ಸದ್ದೇ ಬೇರೆಯಾಗಿತ್ತು. ಅವರು ಪಿಸುಗುಟ್ಟುತ್ತ, ಊರಲ್ಲಿ ತಮ್ಮ ಪಾಲಿನ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ, ಹೆಂಡತಿ ಮಕ್ಕಳೂ ಅಲ್ಲೇ, ತಿಂಗಳಿಗೊಮ್ಮೆ ಹೋದರೆ ಸಣ್ಣ ಮಗಳು ಗುರುತು ಹಿಡಿಯದೆ ಅಳುತ್ತಾಳೆ ಎಂದರು. ನಾನು ಹ್ಞೂಂ ಎಂದೆ. ಮುಂದೆ ಏನು ಹೇಳಬೇಕು ಎಂದು ಹುಡುಕುತ್ತಿರುವಾಗಲೇ ಫ್ಯಾನು ಒದರಿತು. ಪರದೆ ಬೆಳಗಿತು.

“ಎದ್ಲು! ನಾವ್ಯಾರೂ ಮುಟ್ಟಿಲ್ಲ, ಎದ್ಲು ನೋಡ್ರಿ!” ಡ್ರೈವರು ಮಂಚದಿಂದ ಹಾರಿ, ಮೊಬೈಲಿನ ಟಾರ್ಚು ಹಾಕಿ ಮೇಜಿನ ಮೇಲೆ ಬಗ್ಗಿದರು.

ಹಲಗೆಯ ಸಂದಿಯಿಂದ ಸಣ್ಣ ಕೆಂಪಿರುವೆಗಳ ಸಾಲೊಂದು ಹೊರಟು ಜೋನಿ ಬೆಲ್ಲದ ಎಲೆಗೆ ಹೋಗುತ್ತಿತ್ತು. ದಾರಿಯ ನಡುವೆ ಮೌಸು. ಅವು ಸುತ್ತಿ ಹೋಗದೆ ಅದರ ಅಡಿಯಲ್ಲೇ ನುಗ್ಗಿ ಆಚೆ ಏಳುತ್ತಿದ್ದವು. ಕಂಪ್ಯೂಟರ್ ಮಲಗಿದರೂ ಮೌಸಿನ ಹೊಟ್ಟೆಯ ಕೆಂಪು ದೀಪ ಆರುವುದಿಲ್ಲ. ಆ ದೀಪದ ಮುಂದೆ ಇರುವೆ ಹರಿದರೆ, ಯಜಮಾನ ಮೌಸನ್ನು ಸರಿಸಿದ ಎಂದೇ ಅದರ ಲೆಕ್ಕ.

ಡ್ರೈವರು ನೆಲದ ಮೇಲೆ ಕೂತು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ರಿ ಅಣ್ಣಾರ, ಹೂವ ಇಟ್ಟು, ಬೆಲ್ಲ ತೋರಿಸಿ, ಕೈಮುಗಿದು ಎಬ್ಬಿಸಿ ಹೊಕ್ಕೀರಿ ನೀವ. ಆಮ್ಯಾಕ ಏಳಬ್ಯಾಡ ಅಂದ್ರ ಹೆಂಗ ಕೇಳ್ತಾಳ ಆಕಿ!”

ಗದ್ದಲ ಕೇಳಿ ಅಮ್ಮ ಬಾಗಿಲಿಗೆ ಬಂದರು. ವಿಷಯ ಗೊತ್ತಾದ ಮೇಲೆ, “ನೈವೇದ್ಯ ಬಿಡಡ ಮತ್ತೆ. ಕಿಟಕಿ ಮೇಲೆ ಇಡು, ದೇವ್ರಿಗೆ ಅಲ್ಲಿಗೂ ಕಾಣ್ತು,” ಎಂದು ತೀರ್ಮಾನ ಹೇಳಿ ಹೋದರು.

ರಿಪೇರಿಯವರು ಫೋನಿನಲ್ಲಿ ದಾರಿ ತೋರಿಸಿದರು. ಯಂತ್ರದ ಭಾಗಗಳ ಪಟ್ಟಿಯಲ್ಲಿ ಮೌಸನ್ನು ಹುಡುಕಿ, ಅದರೊಳಗೆ ಪವರ್ ಅನ್ನುವಲ್ಲಿ, ಕಂಪ್ಯೂಟರನ್ನು ಎಬ್ಬಿಸಲು ಇದಕ್ಕೆ ಅನುಮತಿ ಇದೆ ಎಂಬ ಸಾಲಿನ ಮುಂದಿದ್ದ ಟಿಕ್ ತೆಗೆದೆ. ಸ್ಲೀಪಿಗೆ ಹಾಕಿದೆ. ಡ್ರೈವರು ಮೌಸನ್ನು ಬೆರಳಿನಿಂದ ನೂಕಿದರು. ಹಿಡಿದು ಗರಗರ ಆಡಿಸಿದರು. ಪರದೆ ಕಪ್ಪಗೇ ಇತ್ತು. ಕೀಬೋರ್ಡ್ ಒತ್ತಿದೆ, ಆಗ ಎದ್ದಿತು.

“ಇನ್ನ ನೀವ ಎಬ್ಬಿಸಿದ್ರ ಅಷ್ಟ,” ಎಂದರು. ಆಮೇಲೆ ಹೊರಡದೆ ನಿಂತರು. “ಅಣ್ಣಾರ, ಆ ಹೆಣ್ಮಗಳು ಓದೋದರಾಗ ಒಂದು ಕಡಿ ಬಂದು ನಿಂತು ಬಿಡ್ತಾಳ. ಹುಡುಗ ಕಾಡಿನ್ಯಾಗ ಬಿಡಾರದಾಗ ಒಬ್ಬನ ಕುಂತಿರ್ತಾನ. ದೂರ ಅಪ್ಪನ ಕೊಡ್ಲಿ ಸಪ್ಪಳ ಬರ್ತಿರೂತನಕ ಅವಂಗ ಅಂಜಿಕಿ ಇಲ್ಲ. ಒಂದಿನ ಮಧ್ಯಾಹ್ನಕ್ಕ ಸಪ್ಪಳ ನಿಂತು ಬಿಡ್ತೇತಿ. ಅಲ್ಲಿಗೆ ಆಕೀನೂ ನಿಲ್ತಾಳ. ಆಮ್ಯಾಕ ಏನಾತ್ರಿ?”

ಅಷ್ಟು ಸಲ ನಿದ್ದೆ ಕೆಟ್ಟು ಕೇಳಿದವರು ಅದನ್ನು ಹೀಗೆ ನೆನಪಿಟ್ಟಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. “ಅಲ್ಲಿಂದ ಮುಂದೆ ಬರೀಲಿಲ್ಲ,” ಎಂದೆ.

“ಬಾಯಿಲೆ ಹೇಳ್ರಲಾ.”

ಅವರು ಮತ್ತೆ ಮಂಚದ ಮೇಲೆ ಕೂತು ಗೋಡೆಗೆ ಒರಗಿದರು. ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡು ಹೇಳಲು ಶುರು ಮಾಡಿದೆ. ಆ ದಿನ ಬಿಡಾರದ ಒಲೆಯಲ್ಲಿ ಗಂಜಿ ಇತ್ತು. ಬೆಂಕಿ ಆರಿಸಬೇಡ ಎಂದು ಅಪ್ಪ ಹೇಳಿದ್ದ. ಸದ್ದು ನಿಂತ ಮೇಲೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ಬೆಂಕಿಯನ್ನು ಹಾಗೇ ಬಿಟ್ಟು ಓಡಿದೆ. ಯಾವ ಕಡೆ ಎಂದು ತಿಳಿಯದೆ, ಅಪ್ಪ ಕಡಿದಾಗ ಬಿದ್ದ ಚಕ್ಕೆಗಳ ಜಾಡು ಹಿಡಿದು ಹೋದೆ. ನಾನು ಇಷ್ಟು ಮಾತನ್ನು ಒಂದೇ ಸಲಕ್ಕೆ ಯಾರಿಗೂ ಹೇಳಿದವನಲ್ಲ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಒಂದು ದೊಡ್ಡ ಮರದ ಬುಡದಲ್ಲಿ ಕೊಡಲಿ ಕಂಡಿತು, ಅದರ ಪಕ್ಕದಲ್ಲಿ ಅಪ್ಪನ ಕಾಲು ಕಂಡಿತು ಎಂದು ಹೇಳಿ ತಲೆ ಎತ್ತಿದರೆ, ಡ್ರೈವರ ಬಾಯಿ ಸ್ವಲ್ಪ ತೆರೆದಿತ್ತು. ಕತ್ತು ಒಂದು ಕಡೆ ವಾಲಿತ್ತು. ನಿದ್ದೆ ಬಂದು ಬಿಟ್ಟಿತ್ತು.

ಮಾತು ನಿಲ್ಲಿಸಿದೆ. ಅಪ್ಪನಿಗೆ ದೊಡ್ಡದೇನೂ ಆಗಿರಲಿಲ್ಲ, ಜ್ವರ ಬಂದು ಮಲಗಿದ್ದ, ಅಷ್ಟೇ. ಅದನ್ನು ಹೇಳಲು ಅವರನ್ನು ಎಬ್ಬಿಸುವ ಹಾಗಿರಲಿಲ್ಲ. ಹಾವೇರಿಯ ಆಚೆಯ ರಸ್ತೆಯೂ ಆ ಕೂಸೂ ನನಗೆ ನೆನಪಿದ್ದವು. ತಲೆದಿಂಬನ್ನು ಮೆಲ್ಲಗೆ ಅವರ ಕತ್ತಿನ ಕೆಳಗೆ ಸೇರಿಸಿ, ಕಾಲನ್ನು ಮಂಚದ ಮೇಲೆ ಎತ್ತಿಟ್ಟೆ. ಏನೋ ಗೊಣಗಿ, ಮಗ್ಗುಲಾದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ನನ್ನ ಅನ್ನದ ಪಾತ್ರೆ ಒಳಗಿತ್ತು, ಸದ್ದಾದೀತು ಎಂದು ಮುಟ್ಟಲಿಲ್ಲ. ಅಮ್ಮ ಊಟಕ್ಕೆ ಕರೆಯಲು ಬಂದವರು, ನಾನು ತುಟಿಗೆ ಬೆರಳಿಟ್ಟಿದ್ದು ನೋಡಿ, “ಹೆಂಡ್ತಿ ಬಾಣಂತಿ ಆದಾಂಗೆ ಕಾಯ್ತಲಾ ಇಂವ,” ಎಂದು ಪಿಸುಗುಟ್ಟಿ, ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರು.

ಬಸ್ಸಿನ ಹೊತ್ತು ಹತ್ತಿರವಾದಾಗ ಒಳಗೆ ಹೋಗಿ ಅವರ ಭುಜ ಮುಟ್ಟಿದೆ. ಅವರು ಕಣ್ಣು ಬಿಟ್ಟು, ತಾನು ಎಲ್ಲಿದ್ದೇನೆ ಎಂದು ತಿಳಿಯದೆ ನನ್ನ ಮುಖ ನೋಡಿದರು. ಆಮೇಲೆ ಗಡಬಡಿಸಿ ಎದ್ದು, ಮುಖ ತೊಳೆದು, ಖಾಕಿ ತೊಟ್ಟರು. “ಭಾಳ ದಿನದ ಮ್ಯಾಲ ನಿದ್ದಿ ಆತ್ರಿ. ಡಿಪೋ ಹತ್ರದ ರೂಮಿನವಂಗ ಬ್ಯಾಡ ಅಂತ ಹೇಳ್ತೀನಿ,” ಎಂದು ಬಾಗಿಲು ದಾಟಿದರು. ಕತೆಯ ನೆನಪು ಅವರಿಗಿರಲಿಲ್ಲ. ನಾನೂ ಎತ್ತಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಅವರು ಈಗಲೂ ಪಕ್ಕದ ರೂಮಿನಲ್ಲೇ ಇದ್ದಾರೆ. ಕಂಪ್ಯೂಟರ್ ಹಗಲು ಏಳುವುದಿಲ್ಲ. ಏಳದ ಕಾರಣ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳುವಂಥದ್ದೂ ಅವರಿಗೆ ಏನೂ ಇಲ್ಲ. “ಆರಾಮೇನ್ರಿ” ಎನ್ನುತ್ತಾರೆ, “ಆರಾಮು” ಎನ್ನುತ್ತೇನೆ, ಅವರು ಬೀಗ ತೆಗೆಯುತ್ತಾರೆ. ಭಾನುವಾರ ಅವರು ಆಚೆ ಮಲಗಿದ್ದರೆ ನಾನು ಟೈಪು ಮಾಡುವುದಿಲ್ಲ, ನನ್ನ ಕೀಬೋರ್ಡಿನ ಗುಂಡಿಗಳು ಬಹಳ ಸದ್ದು ಮಾಡುತ್ತವೆ. ಮೇಜಿನ ಮುಂದೆ ಕೂತು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸಾಲನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತೇನೆ. ಹಲಗೆಯ ಮೇಲಿನ ಖಾಲಿಯಿಂದ ಅವರ ಗೊರಕೆ ಬರುತ್ತಿರುತ್ತದೆ. ಅವರು ಎದ್ದು, ಬಕೆಟ್ಟಿಗೆ ನೀರು ಬಿಟ್ಟು, ಬಾಗಿಲು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ ಮೇಲೆ, ಮನಸ್ಸಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಒಂದೊಂದೇ ಅಕ್ಷರವಾಗಿ ಒತ್ತುತ್ತೇನೆ.